ಸೈಡ್ ಬೀದಿಯ ಚಿತ್ರಶಾಲೆ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ಉತ್ತರ ದಡದ ಮೇಲೆ ನ್ಯೂಕ್ಯಾಸಲ್ ನಗರವಿದೆ. ಅಲ್ಲಿಯ ಹಳೆಯ ಕೋಟೆಯ ಬದಿಯಿಂದ ನದಿಯ ಬಂದರುಕಟ್ಟೆಯ ಕಡೆಗೆ ಕಡಿದಾಗಿ ಇಳಿಯುವ ಬೀದಿಯೊಂದಕ್ಕೆ ‘ಸೈಡ್’ ಎಂದು ಹೆಸರು. ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ನನು ಮಡಿದ ಬಳಿಕ ನೌಕಾಬಲದ ಮುಖ್ಯಾಧಿಕಾರವನ್ನು ವಹಿಸಿಕೊಂಡ ಕಾಲಿಂಗ್‌ವುಡ್ಡನು 1748ರಲ್ಲಿ ಹುಟ್ಟಿದುದು ಈ ಬೀದಿಯಲ್ಲಿಯೇ. 1977ರಲ್ಲಿ ಇಲ್ಲಿಯ ಹಳೆಯ ಕಟ್ಟಡವೊಂದರಲ್ಲಿ ಛಾಯಾಚಿತ್ರಗಳಿಗಾಗಿಯೇ ಮೀಸಲಾದ ಒಂದು ಸಾರ್ವಜನಿಕ ಚಿತ್ರಶಾಲೆ ತೆರೆಯಿತು. ಬೀದಿಯ ಹೆಸರೇ ಅದರ ಹೆಸರೂ ಆಯಿತು. 2023ರ ಏಪ್ರಿಲಿನಲ್ಲಿ ಅದರ ಬಾಗಿಲು ಮುಚ್ಚಿತು. ನಡುವಣ 46 ವರ್ಷಗಳಲ್ಲಿ ಅದು ನಡೆಸಿದ ಕಾರ್ಯ ಗಾತ್ರದಲ್ಲಿ ಮಹತ್ತಾದುದೇನೂ ಅಲ್ಲ. ಆದರೆ ಛಾಯಾಚಿತ್ರವನ್ನು ಹುಟ್ಟಿದಂದಿನಿಂದಲೂ ಬೆನ್ನುಹತ್ತಿರುವ ಒಂದು ಪ್ರಶ್ನೆಯನ್ನು ಅದು ತನ್ನ ಮುಖ್ಯ ವ್ಯವಹಾರವನ್ನಾಗಿ ಮಾಡಿಕೊಂಡಿತು: ದುಡಿದುಣ್ಣುವವನ ಮುಖವನ್ನು ಬೇರೊಬ್ಬನು ಚಿತ್ರವಾಗಿ ಕೊಂಡೊಯ್ದ ಮೇಲೆ ಆ ಚಿತ್ರವನ್ನು ಯಾರ ಕಣ್ಣೆದುರು ತೂಗಹಾಕತಕ್ಕದ್ದು?

ಈ ಪ್ರಶ್ನೆ ಭಾರತೀಯರಿಗೆ ಅಪರಿಚಿತವಾದುದಲ್ಲ. ಲಂಡನ್ನಿನಲ್ಲಿ ಛಾಯಾಚಿತ್ರ ಸಂಘ ಸ್ಥಾಪಿತವಾದುದು 1853ರಲ್ಲಿ. ಮುಂಬಯಿಯಲ್ಲಿ ಅಂಥದೇ ಸಂಘವೊಂದು ಮರುವರ್ಷವೇ ತಲೆಯೆತ್ತಿತು. ಹೀಗೆ ಬೇಗನೆ ಬಂದ ಈ ವಿದ್ಯೆಯನ್ನು ಬ್ರಿಟಿಷ್ ಸರಕಾರವು ಅಷ್ಟೇ ಬೇಗನೆ ತನ್ನ ಕಾರ್ಯಕ್ಕೆ ಹಚ್ಚಿತು. ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಗ್ರಂಥ 1868ರಿಂದ 1875ರ ವರೆಗೆ ಲಂಡನ್ನಿನಲ್ಲಿ ಹೊರಬಂದಿತು. ಈ ದೇಶದ ನಾನಾ ಜಾತಿ ಪಂಗಡಗಳ ಜನರನ್ನು ನಿಲ್ಲಿಸಿ ಕೂರಿಸಿ ತೆಗೆದ ಚಿತ್ರಗಳು ಅದರಲ್ಲಿವೆ. ಚಿತ್ರದಲ್ಲಿ ಕುಳಿತವರು ಅದನ್ನು ಕಾಣುವ ಸಂಭವವೇ ಇರಲಿಲ್ಲ. ಅದು ಆಳುವವರ ಕಪಾಟಿಗಾಗಿ ಸಿದ್ಧವಾದ ಗ್ರಂಥ. 1869ರಲ್ಲಿ ಲಂಡನ್ನಿಗೆ ಹೋಗಿದ್ದ ಸಯ್ಯದ್ ಅಹಮದ್ ಖಾನರು ತಮ್ಮ ಮಗನೊಡನೆ ಇಂಡಿಯಾ ಆಫೀಸಿನಲ್ಲಿ ಇದನ್ನು ನೋಡಿದರು. ಪುಟ ತಿರುವುತ್ತಿದ್ದ ಆ ತರುಣನನ್ನು ಇಂಗ್ಲಿಷ್ ಯುವಕನೊಬ್ಬನು, ತಾವು ಹಿಂದುಸ್ತಾನಿಗಳೋ ಎಂದು ಕೇಳಿದಾಗ, ಹೌದೆಂದು ಒಪ್ಪುವಷ್ಟರಲ್ಲಿ ಅವನ ಮುಖ ಕೆಂಪೇರಿತೆಂದು ತಂದೆಯೇ ಬರೆದಿಟ್ಟಿದ್ದಾರೆ. ತನ್ನ ಜನರ ಚಿತ್ರವನ್ನು ಪರರ ಮನೆಯಲ್ಲಿ ನೋಡಬೇಕಾಗಿ ಬಂದವನ ಸಂಕೋಚ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ದಾಖಲಾಗಿಲ್ಲವೆನ್ನಬಹುದು.

ಆಳುವ ದೇಶದಲ್ಲಿಯೂ ದುಡಿಯುವ ವರ್ಗದ ಪಾಡು ಈ ವಿಷಯದಲ್ಲಿ ತೀರ ಬೇರೆಯಾಗಿರಲಿಲ್ಲ. ಗಣಿಗಳಲ್ಲಿ, ಹಡಗು ಕಟ್ಟುವ ಕಾರಖಾನೆಗಳಲ್ಲಿ ದುಡಿಯುವವರ ಚಿತ್ರಗಳನ್ನು ಲಂಡನ್ನಿನ ಸಚಿತ್ರ ವಾರಪತ್ರಿಕೆಗಳು ಬಂದು ತೆಗೆದುಕೊಂಡು ಹೋಗುತ್ತಿದ್ದವು. ಛಾಯಾಚಿತ್ರಕ್ಕೆಂದೇ ಸಾರ್ವಜನಿಕ ಹಣದ ನೆರವಿನಿಂದ ನಡೆಯುವ ಸ್ವತಂತ್ರ ಚಿತ್ರಶಾಲೆಯಾದರೂ ಬ್ರಿಟನ್ನಿನಲ್ಲಿ 1971ರ ವರೆಗೆ ಇರಲಿಲ್ಲ. ಆ ವರ್ಷದ ಜನವರಿಯಲ್ಲಿ ಸೂ ಡೇವೀಸ್ ಎಂಬಾಕೆ ತನ್ನ ಮನೆಯನ್ನೇ ಅಡವಿಟ್ಟು ಹಣ ಕೂಡಿಸಿ, ಲಂಡನ್ನಿನ ಗ್ರೇಟ್ ನ್ಯೂಪೋರ್ಟ್ ಬೀದಿಯಲ್ಲಿ ಹಿಂದೆ ಚಹದ ಅಂಗಡಿಯಾಗಿದ್ದ ಸ್ಥಳದಲ್ಲಿ ‘ಫೋಟೋಗ್ರಾಫರ್ಸ್ ಗ್ಯಾಲರಿ’ಯನ್ನು ತೆರೆದಳು. ಮರುವರ್ಷ ಯಾರ್ಕ್ ನಗರದಲ್ಲಿಯೂ ಲಂಡನ್ನಿನ ಪೂರ್ವಭಾಗದಲ್ಲಿಯೂ ಒಂದೊಂದು ಹುಟ್ಟಿದವು. ಇವುಗಳಲ್ಲಿ ಪೂರ್ವ ಲಂಡನ್ನಿನ ಹಾಫ್ ಮೂನ್ ಸಂಸ್ಥೆಯವರು ಒಂದು ಉಪಾಯ ಮಾಡಿದರು. ಚಿತ್ರಗಳಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ, ಕಟ್ಟು ಕಟ್ಟಿ ಊರೂರಿಗೆ ಕಳುಹಿಸಿಬಿಡುವುದು. ಬಟ್ಟೆ ತೊಳೆಯುವ ಯಂತ್ರಗಳಿರುವ ಸಾರ್ವಜನಿಕ ಅಂಗಡಿಯಲ್ಲಿಯೂ ಅವನ್ನು ತೂಗಹಾಕಬಹುದಾಗಿತ್ತು. ನ್ಯೂಕ್ಯಾಸಲಿನವರು ಹಿಡಿದ ದಾರಿ ಇನ್ನೊಂದು ಬಗೆಯದು.

ಸೈಡ್ ಚಿತ್ರಶಾಲೆಯನ್ನು ಕಟ್ಟಿದವರು ‘ಅಂಬರ್’ ಎಂಬ ಬಳಗದವರು. ಕನ್ನಡದ ಅಂಬರಕ್ಕೂ ಈ ಹೆಸರಿಗೂ ಯಾವ ನಂಟೂ ಇಲ್ಲ. 1968ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕಿನಲ್ಲಿ ಚಲಚ್ಚಿತ್ರ ಮತ್ತು ಛಾಯಾಚಿತ್ರಗಳನ್ನು ಅಭ್ಯಾಸ ಮಾಡುತ್ತಿದ್ದ ಕೆಲವು ಜನ ತರುಣರು ಇದನ್ನು ಕಟ್ಟಿಕೊಂಡರು. ಮರ್ರಿ ಮಾರ್ಟಿನ್ ಅವರಲ್ಲಿ ಮುಂದಾಳು. ಅವನು ಸ್ಟೋಕ್ ನಗರದವನು, ಹಿಂದೆ ನ್ಯೂಕ್ಯಾಸಲಿನಲ್ಲಿ ಚಿತ್ರಕಲೆಯನ್ನು ಓದಿದ್ದವನು. ಫಿನ್ಲೆಂಡಿನಿಂದ ಬಂದ ಸಿರ್ಕಾ-ಲೀಸಾ ಕೊಂಟಿನೆನ್ ಎಂಬ ತರುಣಿಯೂ ಬಳಗದಲ್ಲಿದ್ದಳು. ಚಲಚ್ಚಿತ್ರದ ಉದ್ಯೋಗವೆಲ್ಲ ಲಂಡನ್ನಿನಲ್ಲಿಯೇ ಬೇರುಬಿಟ್ಟಿದ್ದ ಕಾಲದಲ್ಲಿ ಇವರು 1969ರಲ್ಲಿ ಅದನ್ನು ತೊರೆದು ಉತ್ತರಕ್ಕೆ ಬಂದು ನೆಲೆಸಿದರು. ಒಬ್ಬೊಬ್ಬರು ಗಳಿಸಿದುದನ್ನೂ ಒಂದೆಡೆ ಕೂಡಿಸಿ ಎಲ್ಲರೂ ಸಮನಾಗಿ ಸಂಬಳ ತೆಗೆದುಕೊಳ್ಳುವುದೆಂದು ಗೊತ್ತುಮಾಡಿಕೊಂಡರು. ಈ ಬಗೆಯ ಒಪ್ಪಂದಗಳು ತಾರುಣ್ಯದ ಉತ್ಸಾಹದೊಂದಿಗೆ ಆರಿಹೋಗುವುದೇ ಲೋಕರೂಢಿ. ಇವರ ಬಳಗ ದಶಕಗಳ ಕಾಲ ಬಾಳಿತು.

ಕೊಂಟಿನೆನ್ ವಾಸಕ್ಕೆ ಆರಿಸಿಕೊಂಡುದು ನದಿಯ ಮೇಲಿನ ಇಳಿಜಾರಿನಲ್ಲಿರುವ ಬೈಕರ್ ಎಂಬ ಪೇಟೆಯನ್ನು. ಸಾಲುಸಾಲಾಗಿ ಇಟ್ಟಿಗೆಯ ಚಿಕ್ಕ ಮನೆಗಳು, ಅವುಗಳ ಕೊನೆಗೆ ಮದ್ಯದಂಗಡಿ, ಕೆಳಗೆ ನದಿ, ನದಿಯುದ್ದಕ್ಕೂ ಕಾರಖಾನೆಗಳು. ಶಾಲೆಯಲ್ಲಿ ಕಲಿತ ಇಂಗ್ಲಿಷು ಆ ಪೇಟೆಯ ಆಡುಮಾತಿನೆದುರು ಸಾಲದಾಯಿತು. ಪರಭಾಷೆಯ ನಗರಕ್ಕೆ ಬಂದು ನೆಲಸಿದವರಿಗೆ ಆಕೆಯ ಆರಂಭದ ದಿನಗಳನ್ನು ವಿವರಿಸಿ ಹೇಳಬೇಕಾದುದಿಲ್ಲ. ಅಲ್ಲಿಯೇ ಒಂದು ಖಾಲಿ ಅಂಗಡಿಯಲ್ಲಿ ಆಕೆ ಭಾವಚಿತ್ರ ತೆಗೆಯುವ ಕೋಣೆಯನ್ನು ತೆರೆದಳು. ಬಂದವರ ಚಿತ್ರವನ್ನು ಹಣವಿಲ್ಲದೆ ತೆಗೆದುಕೊಡುವುದು ಅಲ್ಲಿಯ ಪದ್ಧತಿ. ಚಿತ್ರ ಮೊದಲು ಅದರಲ್ಲಿದ್ದವನ ಕೈಗೆ ಹೋಗಬೇಕೆಂಬ ನಿಯಮ ಹೀಗೆ ಚಿತ್ರಶಾಲೆ ತೆರೆಯುವುದಕ್ಕೆ ಹಲವು ವರ್ಷ ಮೊದಲೇ ಆಚರಣೆಯಲ್ಲಿ ಬಂದಿತು.

ಬೈಕರ್ ಆಗ ಕೆಡವಲ್ಪಡುತ್ತಲಿತ್ತು. ಹಳೆಯ ಮನೆಗಳಲ್ಲಿ ಸ್ನಾನಗೃಹಗಳಿರಲಿಲ್ಲ. ಅವುಗಳನ್ನು ತೆಗೆದು ಹೊಸ ವಸತಿಯನ್ನು ಕಟ್ಟಬೇಕೆಂದು ನಗರಸಭೆ ನಿಶ್ಚಯಿಸಿತ್ತು. ಯೋಜನೆಯ ಶಿಲ್ಪಿ ರಾಲ್ಫ್ ಅರ್ಸ್ಕಿನ್ ಸ್ವೀಡನ್ನಿನಲ್ಲಿ ನೆಲೆಸಿದ್ದ ಸಹೃದಯ ಮನುಷ್ಯ. ನಿವಾಸಿಗಳ ಅಭಿಪ್ರಾಯವನ್ನು ಕೇಳಿ ಕಟ್ಟಬೇಕೆಂಬ ಸದುದ್ದೇಶದಿಂದ ಅವನು ತನ್ನ ಕಚೇರಿಯನ್ನು ಬೈಕರಿನಲ್ಲಿಯೇ ತೆರೆದನು. ಆ ಕಟ್ಟಡ ಹಿಂದೆ ಶವಸಂಸ್ಕಾರದ ವ್ಯವಸ್ಥೆ ಮಾಡುವವರ ಅಂಗಡಿಯಾಗಿತ್ತು. ಒಂದೇ ಪೇಟೆಯಲ್ಲಿ ಎರಡು ಹಳೆಯ ಅಂಗಡಿಗಳು: ಒಂದರಲ್ಲಿ ಬರಲಿರುವ ಬೈಕರಿನ ನಕ್ಷೆ, ಇನ್ನೊಂದರಲ್ಲಿ ಹೋಗುತ್ತಿರುವ ಬೈಕರಿನ ಮುಖಗಳು. ಹೊಸ ವಸತಿ ಕಟ್ಟಡಶಿಲ್ಪದ ದೃಷ್ಟಿಯಿಂದ ಕೀರ್ತಿ ಪಡೆಯಿತು. ಉದ್ದನೆಯ ಗೋಡೆಯಂತೆ ನಿಂತ ಅದರ ಮುಖ್ಯ ಕಟ್ಟಡಕ್ಕೆ 2007ರಲ್ಲಿ ಸಂರಕ್ಷಿತ ಸ್ಮಾರಕದ ಸ್ಥಾನವೂ ದೊರೆಯಿತು. ಆದರೆ ಕಟ್ಟುವ ಕೆಲಸಕ್ಕಿಂತ ಕೆಡಹುವ ಕೆಲಸ ಮುಂದೆ ಓಡಿತು. ಮನೆ ಕಳೆದುಕೊಂಡವರು ಕಾಯಲಾರದೆ ಚೆದರಿಹೋದರು. ಹಳೆಯ ನಿವಾಸಿಗಳಲ್ಲಿ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ ಜನ ಮಾತ್ರ ಹೊಸ ಬೈಕರಿನಲ್ಲಿ ನೆಲೆಸಿದರೆಂದು ಸಾಮಾನ್ಯವಾಗಿ ಎಣಿಸಲಾಗಿದೆ. 1982ರ ಮುಷ್ಕರದ ತರುವಾಯ ಗಿರಣಗಾಂವ್ ಕರಗಿಹೋದುದನ್ನು ಕಂಡ ಮುಂಬಯಿಯ ಓದುಗರು ಈ ಲೆಕ್ಕದ ಭಾರವನ್ನು ತಾವೇ ಅಳೆಯಬಲ್ಲರು.

ಕೊಂಟಿನೆನ್ನಳ ಮನೆಯೂ ಈ ಕೆಡಹುವಿಕೆಯಲ್ಲಿ ಹೋಯಿತು. ಆಕೆಯ ಬೈಕರ್ ಚಿತ್ರಗಳು 1983ರಲ್ಲಿ ಪುಸ್ತಕವಾದವು. ಪಾಳುಬಿದ್ದ ಮನೆಯೊಳಗೆ ಪಿಯಾನೋ ಬಾರಿಸುತ್ತಿರುವ ಹುಡುಗಿಯ ಚಿತ್ರ ಅವುಗಳಲ್ಲಿ ಪ್ರಸಿದ್ಧವಾದುದು. ಮಾಡು ಹೋದ ಮನೆಯ ದುಃಖವನ್ನು ತೋರಿಸಲು ಸುಲಭವಾಗಿ ಒದಗುವ ಕಣ್ಣೀರು ಈ ಸಂಗ್ರಹದಲ್ಲಿ ಎಲ್ಲಿಯೂ ಕಾಣದು. ಜನರು ನಗುತ್ತಾರೆ, ಹರಟುತ್ತಾರೆ, ಅಲಂಕಾರ ಮಾಡಿಕೊಂಡು ಕ್ಯಾಮರಾದ ಎದುರು ನಿಲ್ಲುತ್ತಾರೆ. ಚಿತ್ರಗಳ ಜೊತೆಗೆ ನಿವಾಸಿಗಳ ಮಾತುಗಳನ್ನೂ ಪುಸ್ತಕದಲ್ಲಿ ಸೇರಿಸಿದುದರಿಂದ ನೋಡುವವನ ಅಭಿಪ್ರಾಯವೊಂದೇ ಕೊನೆಯ ತೀರ್ಪಾಗುವ ಅಪಾಯ ತಪ್ಪಿತು.

ಇನ್ನು ಚಿತ್ರಶಾಲೆಯ ವಿಷಯ. ಬಂದರುಕಟ್ಟೆಯ ಸುತ್ತಣ ಹಳೆಯ ಕಟ್ಟಡಗಳಿಗೂ ಬೈಕರಿನ ಗತಿಯೇ ಬರುವಂತಿದ್ದಾಗ ಅಂಬರ್ ಬಳಗವು ಅವನ್ನು ಉಳಿಸುವ ಚಳವಳಿಯಲ್ಲಿ ಸೇರಿತು. 1979ರಲ್ಲಿ ಆ ಪ್ರದೇಶವನ್ನು ಕುರಿತು ‘ಕೀಸೈಡ್’ ಎಂಬ ಚಲಚ್ಚಿತ್ರವನ್ನೂ ತೆಗೆಯಿತು. ಸೈಡ್ ಬೀದಿಯ ಕಟ್ಟಡದಲ್ಲಿ ಚಿತ್ರಶಾಲೆಯ ಜೊತೆಗೆ ಒಂದು ಚಿಕ್ಕ ಚಿತ್ರಮಂದಿರವೂ ಬಳಗದ ಕೆಲಸದ ಕೋಣೆಗಳೂ ಇದ್ದವು. ಚಿತ್ರಶಾಲೆಯ ಸ್ಥಾಪಕರಲ್ಲಿ ಒಬ್ಬನಾದ ಕ್ರಿಸ್ ಕಿಲಿಪ್ 1977ರಿಂದ 1979ರ ವರೆಗೆ ಅದರ ನಿರ್ದೇಶಕನಾಗಿದ್ದನು. ಐರಿಷ್ ಸಮುದ್ರದ ಮ್ಯಾನ್ ದ್ವೀಪದಲ್ಲಿ 1946ರಲ್ಲಿ ಹುಟ್ಟಿ, 1975ರಲ್ಲಿ ಎರಡು ವರ್ಷಗಳ ವೇತನವೊಂದರ ಮೇಲೆ ನ್ಯೂಕ್ಯಾಸಲಿಗೆ ಬಂದವನು ಅಲ್ಲಿಯೇ ಉಳಿದುಬಿಟ್ಟಿದ್ದನು. ಈಶಾನ್ಯ ಪ್ರದೇಶದ ಜೀವನವನ್ನು ಕುರಿತು ಚಿತ್ರಗಳನ್ನು ತೆಗೆಯಿಸುವುದು, ಜೊತೆಗೆ ಹೊರದೇಶಗಳ ಶ್ರೇಷ್ಠ ಛಾಯಾಗ್ರಾಹಕರ ಕೃತಿಗಳನ್ನು ತಂದು ತೋರಿಸುವುದು, ಇದು ಚಿತ್ರಶಾಲೆಯ ಕ್ರಮವಾಯಿತು. ಆರಂಭದ ವರ್ಷಗಳಲ್ಲಿಯೇ ಫ್ರಾನ್ಸಿನ ಆಂರಿ ಕಾರ್ತಿಯೇ-ಬ್ರೆಸ್ಸಾನನ ಚಿತ್ರಗಳು ಅಲ್ಲಿ ಪ್ರದರ್ಶಿತವಾದವು. ಈ ಎರಡನೆಯ ಕೆಲಸವನ್ನು ಕೇವಲ ಪ್ರತಿಷ್ಠೆಗಾಗಿ ಮಾಡಿದ್ದೆಂದು ತಿಳಿಯಬಾರದು. ಪ್ಯಾರಿಸ್ಸಿನ ಬೀದಿಯ ಚಿತ್ರ ತೂಗಿದ ಗೋಡೆಯ ಮೇಲೆಯೇ ತನ್ನ ಓಣಿಯ ಚಿತ್ರವೂ ತೂಗುವುದನ್ನು ಕಂಡ ಹಡಗುಕಾರಖಾನೆಯ ಕೆಲಸಗಾರನಿಗೆ ತನ್ನ ಬದುಕೂ ನೋಡತಕ್ಕ ವಸ್ತುವೆಂಬುದು ಯಾರೂ ಉಪದೇಶಿಸದೆ ತಿಳಿಯುತ್ತದೆ.

ಕಿಲಿಪ್ಪನ ಎರಡು ಚಿತ್ರಗಳನ್ನು ಇಲ್ಲಿ ಹೆಸರಿಸಬೇಕು. ಮೊದಲನೆಯದು 1975ರದು. ನ್ಯೂಕ್ಯಾಸಲಿನ ಪಕ್ಕದ ವಾಲ್ಸೆಂಡಿನ ಒಂದು ಬೀದಿ, ಮಕ್ಕಳು ಆಡುತ್ತಿದ್ದಾರೆ, ಬೀದಿಯ ಕೊನೆಯಲ್ಲಿ, ಮನೆಗಳ ಮಾಡುಗಳಿಗಿಂತ ಬಹು ಎತ್ತರಕ್ಕೆ, ಆಕಾಶವನ್ನು ಮುಚ್ಚುವಂತೆ ‘ಟೈನ್ ಪ್ರೈಡ್’ ಎಂಬ ಹಡಗು ಕಟ್ಟಲ್ಪಟ್ಟು ನಿಂತಿದೆ. ಎರಡನೆಯದು ಎರಡು ವರ್ಷಗಳ ಬಳಿಕ ಅದೇ ಸ್ಥಳದಲ್ಲಿ ತೆಗೆದುದು. ಹಡಗಿಲ್ಲ, ಬೀದಿಯೂ ಇಲ್ಲ, ಮನೆಗಳು ನೆಲಸಮವಾಗಿವೆ. ಎರಡರ ನಡುವೆ ವ್ಯಾಖ್ಯಾನದ ಒಂದು ಮಾತೂ ಬೇಕಾಗುವುದಿಲ್ಲ. ಟೈನ್ ದಡದ ಹಡಗುಕಾರಖಾನೆಗಳ ಇಳಿಗಾಲವನ್ನು ಕುರಿತು ಬಂದಿರುವ ಅಂಕಿ ಅಂಶಗಳ ವರದಿಗಳಲ್ಲಿ ಯಾವುದೂ ಇವುಗಳಷ್ಟು ಬೇಗ ವಿಷಯವನ್ನು ಮನಗಾಣಿಸಲಾರದು.

ಜನರ ಚಿತ್ರವನ್ನು ಜನರಿಗೇ ತೋರಿಸುವುದೆಂದರೆ ಅವರನ್ನು ಮೆಚ್ಚಿಸುವುದೆಂದೇ ಅರ್ಥವೇ? ಈ ತೊಡಕು ಟಿಶ್ ಮರ್ಥಾ ಎಂಬಾಕೆಯ ಪ್ರದರ್ಶನದಿಂದ ಎದುರಾಯಿತು. ಮರ್ಥಾ 1956ರಲ್ಲಿ ಸೌತ್ ಶೀಲ್ಡ್ಸಿನಲ್ಲಿ ಹುಟ್ಟಿದವಳು. ಹತ್ತು ಮಕ್ಕಳಲ್ಲಿ ಮೂರನೆಯವಳು. ಬೆಳೆದುದು ನ್ಯೂಕ್ಯಾಸಲಿನ ಪಶ್ಚಿಮ ಭಾಗದ ಎಲ್ಸ್‌ವಿಕ್ಕಿನಲ್ಲಿ. ವೇಲ್ಸಿನ ನ್ಯೂಪೋರ್ಟಿನಲ್ಲಿ ಡೇವಿಡ್ ಹರ್ನ್ ನಡೆಸುತ್ತಿದ್ದ ತರಗತಿಯಲ್ಲಿ ಛಾಯಾಚಿತ್ರ ವಿದ್ಯೆಯನ್ನು ಕಲಿತು ಊರಿಗೆ ಮರಳಿ ಬಂದಳು. 1979ರಲ್ಲಿ ಸೈಡ್ ಚಿತ್ರಶಾಲೆಯಲ್ಲಿ ನಡೆದ ಆಕೆಯ ಪ್ರದರ್ಶನದ ವಸ್ತು ಬಾಲಕ ಬಾಲಕಿಯರ ವಾದ್ಯಮೇಳಗಳು. ಮಕ್ಕಳಿಗೆ ಸಿಪಾಯಿಗಳಂತೆ ಸಮವಸ್ತ್ರ ತೊಡಿಸಿ, ಸಾಲಾಗಿ ನಡೆಸುತ್ತ, ಊದುವಾದ್ಯಗಳನ್ನು ಊದಿಸುವ ಈ ಮೇಳಗಳು ಗಣಿಯ ಊರುಗಳಿಗೆ ಅಭಿಮಾನದ ವಿಷಯ. ಮರ್ಥಾ ಇದರಲ್ಲಿ ಕಂಡುದು ಮಕ್ಕಳ ಮೇಲೆ ಹೇರಿದ ಸೈನಿಕ ಶಿಸ್ತನ್ನು. ಆ ಮೇಳಗಳಿಗೆ ಸೇರದೆ ಉಳಿದ ಮಕ್ಕಳು ಹರಕು ಮುರುಕು ಸಾಮಾನು ಕೂಡಿಸಿಕೊಂಡು ತಮ್ಮ ಓಣಿಯಲ್ಲಿ ತಾವೇ ಮೇಳ ಕಟ್ಟಿದುದನ್ನೂ ಆಕೆ ಚಿತ್ರಿಸಿದಳು. ಆಕೆಯ ಒಲವು ಯಾರ ಕಡೆಗಿತ್ತೆಂಬುದು ಅಲ್ಲಿ ಬಚ್ಚಿಟ್ಟುಕೊಂಡಿಲ್ಲ. ಊರು ಹೆಮ್ಮೆಪಡುವುದನ್ನು ಊರಿನ ಮಗಳೇ ಪ್ರಶ್ನಿಸಿದಾಗ ಅದಕ್ಕೆ ಗೋಡೆ ಬಿಟ್ಟುಕೊಟ್ಟುದು ಈ ಸಂಸ್ಥೆಯ ಚರಿತ್ರೆಯಲ್ಲಿ ಬಹುಶಃ ಅತ್ಯಂತ ಗೌರವಾರ್ಹವಾದ ಸಂಗತಿ. ಊರ ಹೊಗಳಿಕೆಗಷ್ಟೇ ಸ್ಥಳವಿರುವ ಸಂಸ್ಥೆಗಳು ವಾರ್ಷಿಕೋತ್ಸವಗಳನ್ನು ಚೆನ್ನಾಗಿ ನಡೆಸುತ್ತವೆ. ಹೊರನಾಡಿನ ಸಂಘಗಳ ಅನುಭವವುಳ್ಳವರಿಗೆ ಇದು ಗೊತ್ತಿರುವುದೇ.

1981ರಲ್ಲಿ ಅದೇ ಚಿತ್ರಶಾಲೆಯಲ್ಲಿ ಮರ್ಥಾಳ ‘ಯೂತ್ ಅನ್‌ಎಂಪ್ಲಾಯ್‌ಮೆಂಟ್’ ಎಂಬ ಪ್ರದರ್ಶನ ನಡೆಯಿತು. ಶಾಲೆ ಬಿಟ್ಟ ತರುಣರಿಗೆ ಉದ್ಯೋಗವೆಂಬುದು ಕಾಣದಾಗಿದ್ದ ಕಾಲ. ಆಕೆ ಚಿತ್ರಿಸಿದವರು ತನ್ನ ಸೋದರ ಸೋದರಿಯರು, ಅವರ ಗೆಳೆಯರು, ನೆರೆಹೊರೆಯವರು. ಪಾಳುಮನೆಯ ಕಿಟಕಿಯಿಂದ ಕೆಳಗೆ ರಾಶಿ ಹಾಕಿದ ಹಳೆಯ ಹಾಸಿಗೆಗಳ ಮೇಲೆ ಹುಡುಗರು ಹಾರುತ್ತಿರುವ ಚಿತ್ರವೊಂದಿದೆ. ಆಟವೂ ನಿರಾಶೆಯೂ ಅದರಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ. ಹೊರಗಿನಿಂದ ಬಂದ ಕ್ಯಾಮರಾ ಎದುರಿಗೆ ನಿಂತಿದ್ದರೆ ಆ ಹುಡುಗರು ಹೀಗೆ ಮೈಮರೆತು ಹಾರುತ್ತಿರಲಿಲ್ಲ.

ಹೊರಗಿನವನಾಗಿಯೇ ಒಳಗೆ ಸೇರುವುದು ಎಷ್ಟು ಕಾಲದ ಕೆಲಸವೆಂಬುದಕ್ಕೆ ಕಿಲಿಪ್ಪನ ‘ಸೀಕೋಲ್’ ಚಿತ್ರಮಾಲೆ ನಿದರ್ಶನ. ನಾರ್ತಂಬರ್‌ಲೆಂಡಿನ ಲೈನ್‌ಮತ್ ಕಡಲತೀರದಲ್ಲಿ ಗಣಿಯ ಕಸದೊಡನೆ ಸಮುದ್ರ ಸೇರಿದ ಕಲ್ಲಿದ್ದಲು ಅಲೆಗಳೊಂದಿಗೆ ಮರಳಿ ದಡಕ್ಕೆ ಬರುತ್ತಿತ್ತು. ಗಾಡಿಮನೆಗಳಲ್ಲಿ ವಾಸಿಸುವ ಬಡವರು ಕುದುರೆಗಾಡಿಗಳನ್ನು ನೀರಿಗೆ ಇಳಿಸಿ, ಆ ಇದ್ದಲನ್ನು ಗೋರಿ ತುಂಬಿ ಮಾರುತ್ತಿದ್ದರು. 1976ರಲ್ಲಿ ಕಿಲಿಪ್ ಮೊದಲು ಹೋದಾಗ ಅವರು ಅವನನ್ನು ಅಟ್ಟಿದರು. ಸರಕಾರದ ಗುಪ್ತಚಾರನೆಂದು ಅವರ ಸಂಶಯ. ಆರು ವರ್ಷಗಳ ತರುವಾಯ ಅವರಲ್ಲೊಬ್ಬನು ಅವನನ್ನು ಹಿಂದೆ ಆಪಲ್‌ಬಿಯ ಕುದುರೆ ಜಾತ್ರೆಯಲ್ಲಿ ಕಂಡಿದ್ದುದನ್ನು ನೆನೆದು ಗುರುತು ಹಿಡಿದ ಮೇಲೆ ದಾರಿ ತೆರೆಯಿತು. ಅವನೂ ಒಂದು ಗಾಡಿಮನೆಯನ್ನು ಕೊಂಡು ಅವರ ನಡುವೆ ವಾಸಮಾಡಿ, 1982ರಿಂದ 1984ರ ವರೆಗೆ ಚಿತ್ರಗಳನ್ನು ತೆಗೆದನು. ಅಂಬರ್ ಬಳಗವೂ ಅದೇ ತೀರದಲ್ಲಿ ನೆಲೆಹಾಕಿ 1985ರಲ್ಲಿ ‘ಸೀಕೋಲ್’ ಎಂಬ ಚಲಚ್ಚಿತ್ರವನ್ನು ಮುಗಿಸಿತು.

ಇಷ್ಟು ನಿಧಾನದ ಕೆಲಸಕ್ಕೆ ಹಣ ಬರುತ್ತಿದ್ದುದು ಬಹುಮಟ್ಟಿಗೆ ಸಾರ್ವಜನಿಕ ಅನುದಾನದಿಂದ. 1982ರಲ್ಲಿ ಆರಂಭವಾದ ‘ಚಾನೆಲ್ 4’ ಎಂಬ ದೂರದರ್ಶನ ಸಂಸ್ಥೆ ಕೆಲವು ವರ್ಷ ಇಂಥ ಬಳಗಗಳನ್ನು ಪೋಷಿಸಿತು. ಅನುದಾನವೆಂಬುದು ಕೊಡುವವನ ಮನಸ್ಸಿನೊಡನೆ ಬದಲಾಗುವ ವಸ್ತು. ಅದನ್ನು ನಂಬಿದ ಚಿತ್ರಶಾಲೆ ಪ್ರತಿ ಕೆಲವು ವರ್ಷಗಳಿಗೊಮ್ಮೆ ತಾನು ಬದುಕಿರಲು ತಕ್ಕುದೆಂದು ಹೊಸದಾಗಿ ಸಾಬೀತುಪಡಿಸಬೇಕಾಗುತ್ತದೆ. ಇದರ ನಡುವೆಯೂ ಸಂಗ್ರಹ ಬೆಳೆಯಿತು. 2003ರ ತರುವಾಯ ಕೊಂಟಿನೆನ್ ಮತ್ತೆ ಬೈಕರಿಗೆ ಹೋಗಿ, ಈ ಸಲ ಬಣ್ಣದಲ್ಲಿ, ಹೊಸ ನಿವಾಸಿಗಳನ್ನು ಚಿತ್ರಿಸಿದಳು. ದೂರ ದೇಶಗಳಿಂದ ಆಶ್ರಯ ಬೇಡಿ ಬಂದವರೂ ಅವರಲ್ಲಿದ್ದರು. ತಮ್ಮ ಚಿತ್ರ ಹೇಗಿರಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಚಿತ್ರಿತರೂ ಪಾಲುಗೊಂಡರು. ಮೊದಲ ಸಲ ಪೇಟೆಗೆ ಪರಕೀಯಳಾಗಿದ್ದವಳು ಎರಡನೆಯ ಸಲ ಹಳಬಳಾಗಿ ಹೊಸಬರನ್ನು ಎದುರುಗೊಂಡಳು. 2009ರಲ್ಲಿ ಈ ಚಿತ್ರಗಳು ಪುಸ್ತಕವಾದವು. 2011ರಲ್ಲಿ ಯುನೆಸ್ಕೊದ ‘ಜಗತ್ತಿನ ಸ್ಮೃತಿ’ ಯೋಜನೆಯ ಬ್ರಿಟಿಷ್ ಪಟ್ಟಿಯಲ್ಲಿ ಕೊಂಟಿನೆನ್ನಳ ಛಾಯಾಚಿತ್ರಗಳೂ ಅಂಬರಿನ ಚಲಚ್ಚಿತ್ರಗಳೂ ಸೇರಿದವು.

ಆ ಮನ್ನಣೆ ಬಾಡಿಗೆಯನ್ನೂ ದೀಪದ ಖರ್ಚನ್ನೂ ತೆರುವಂತಿರಲಿಲ್ಲ. ಕಟ್ಟಡವನ್ನು ದುರಸ್ತಿಮಾಡಿ 2016ರಲ್ಲಿ ಚಿತ್ರಶಾಲೆಯನ್ನು ಪುನಃ ತೆರೆದರು. 2022ರ ಕೊನೆಯಲ್ಲಿ ಇಂಗ್ಲೆಂಡಿನ ಕಲಾಮಂಡಲಿ ತನ್ನ ನಿಯತ ಅನುದಾನದ ಪಟ್ಟಿಯನ್ನು ಪ್ರಕಟಿಸಿದಾಗ ಸೈಡಿನ ಹೆಸರು ಅದರಲ್ಲಿರಲಿಲ್ಲ. ಆ ವರ್ಷವೇ ಬೆಲೆಗಳೂ ವಿಪರೀತವಾಗಿ ಏರಿದ್ದವು. ಮುಂದಿನ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿತು. ಉಳಿಸಿಕೊಳ್ಳಬೇಕೆಂದು ಸಾರ್ವಜನಿಕರಿಂದ ವಂತಿಗೆ ಎತ್ತುವ ಪ್ರಯತ್ನವೂ ನಡೆಯಿತು. ಸಂಗ್ರಹವನ್ನು ನೋಡಿಕೊಳ್ಳಲು ಒಂದು ವಿಶ್ವಸ್ತ ಮಂಡಲಿಯಿದೆ, ಚಿತ್ರಗಳು ನಾಶವಾಗಲಿಲ್ಲ. ಮುಚ್ಚಿದ್ದು ಅವನ್ನು ಊರಿನವರು ಬೀದಿಯಿಂದ ಒಳಹೊಕ್ಕು, ಟಿಕೇಟಿಲ್ಲದೆ, ಮಳೆಯಿಂದ ತಪ್ಪಿಸಿಕೊಳ್ಳುವ ನೆಪದಲ್ಲಾದರೂ ನೋಡಿ ಹೋಗುತ್ತಿದ್ದ ಬಾಗಿಲು.

ಮರ್ಥಾ 2013ರಲ್ಲಿ ತೀರಿಕೊಂಡಳು. ಬದುಕಿರುವಾಗ ಆಕೆಯದೊಂದು ಪುಸ್ತಕವೂ ಅಚ್ಚಾಗಿರಲಿಲ್ಲ. ‘ಯೂತ್ ಅನ್‌ಎಂಪ್ಲಾಯ್‌ಮೆಂಟ್’ ಪುಸ್ತಕವಾಗಿ ಹೊರಬಂದುದು 2017ರಲ್ಲಿ, ಮಗಳ ಪ್ರಯತ್ನದಿಂದ. ಮರುವರ್ಷ ಲಂಡನ್ನಿನ ಫೋಟೋಗ್ರಾಫರ್ಸ್ ಗ್ಯಾಲರಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನವನ್ನು ನಡೆಸಿತು. 2024ರ ನವಂಬರಿನಲ್ಲಿ ಟೇಟ್ ಬ್ರಿಟನ್ ವಸ್ತುಸಂಗ್ರಹಾಲಯದಲ್ಲಿ 1980ರ ದಶಕದ ಬ್ರಿಟಿಷ್ ಛಾಯಾಚಿತ್ರಗಳನ್ನು ಕುರಿತ ಬೃಹತ್ ಪ್ರದರ್ಶನ ತೆರೆದಾಗ ಮರ್ಥಾಳ ಚಿತ್ರಗಳೂ ಕಿಲಿಪ್ಪನವೂ ಅಲ್ಲಿದ್ದವು. ಅದಕ್ಕೆ ಪ್ರವೇಶಶುಲ್ಕವಿತ್ತು. ಎಲ್ಸ್‌ವಿಕ್ಕಿನಿಂದ ಲಂಡನ್ನಿಗೆ ಸುಮಾರು 450 ಕಿಲೋಮೀಟರು.